ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಯಾರ ಮನೆ ಮಗ? ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ನೆಂಟರು ಬಂದಾಗ ಶ್ರೀರಂಗಪಟ್ಟಣ ತೋರಿಸುವುದು ನನ್ನ ಪಾಲಿನ ಕೆಲಸ. ರಂಗನಾಥನ ದೇವಸ್ಥಾನ, ದರಿಯಾ ದೌಲತ್, ಗುಂಬಜ್ ಎಲ್ಲ ಮುಗಿಸಿ ವೆಲ್ಲೆಸ್ಲಿ ಸೇತುವೆ ಹತ್ತಿರ ಬಂದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಯಾರು ಈ ವೆಲ್ಲೆಸ್ಲಿ?" "ಟಿಪ್ಪುವನ್ನು ಸೋಲಿಸಿದವನು" ಅಂತ ಹೇಳಿ ಮುಂದೆ ಹೋಗಬಹುದು. ಆದರೆ ಆ ಉತ್ತರ ಸರಿಯಲ್ಲ. ಎಷ್ಟೋ ವರ್ಷ ಇದರ ಬಗ್ಗೆ ಓದುತ್ತಾ ಬಂದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ವೆಲ್ಲೆಸ್ಲಿಯನ್ನು ಒಬ್ಬ ಸೇನಾಧಿಕಾರಿ ಅಂತ ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇದು ಒಂದು ಮನೆಯ ಕಥೆ. ಅಪ್ಪ ಬಿಟ್ಟುಹೋದ ಸಾಲ, ಕೈಬಿಟ್ಟ ಆಸ್ತಿ, ಒಬ್ಬರನ್ನೊಬ್ಬರು ಮೇಲಕ್ಕೆತ್ತಿದ ಅಣ್ಣತಮ್ಮಂದಿರು. ಅವರು ಹತ್ತಿದ ಏಣಿಯ ದೊಡ್ಡ ಮೆಟ್ಟಿಲು ನಮ್ಮ ಮೈಸೂರು. ನನ್ನನ್ನು ಜಾಸ್ತಿ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ವೆಲ್ಲೆಸ್ಲಿ ಅಂದರೆ ಒಬ್ಬನೇನಾ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. 1799ರ ಹೊತ್ತಿಗೆ ಒಂದೇ ಮನೆಯ ಮೂವರು ಭಾರತದಲ್ಲಿದ್ದರು. ದೊಡ್ಡವನು ರಿಚರ್ಡ್, ಗವರ್ನರ್ ಜನರಲ್. ಸಹಾಯಕ ಸೈನ್ಯ ಪದ್ಧತಿ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಆ ವೆಲ್ಲೆಸ್ಲಿ ಇವನು. ಅವನಿಗಿಂತ ಒಂಬತ್ತು ವರ್ಷ ಚಿಕ್ಕವನು ಆರ್ಥರ್, ಸೈನ್ಯದಲ್ಲಿ ಕರ್ನಲ್. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿ ವೆಲ್ಲಿಂಗ್ಟನ್ ಡ್ಯೂಕ್ ಆದವನು ಇವನೇ. ಎಲ್ಲರಿಗಿಂತ ಕಿರಿಯ ಹೆನ್ರಿ ಅಣ್ಣನ ಕಾರ್ಯದರ್ಶಿಯಾಗಿದ್ದ. ಈ ಬರಹದಲ್ಲಿ ಬರೀ ಹೆಸರಿನಿಂದಲೇ ಕರೆಯುತ್ತೇನೆ, ಇಲ್ಲದಿದ್ದರೆ ಯಾರು ಯಾರೆಂದು ಗೊತ್ತಾಗುವುದಿಲ್ಲ.

ಆಂಗ್ಲೋ-ಐರಿಷ್ ಅಂದರೆ ಆಂಗ್ಲೋ-ಇಂಡಿಯನ್ ತರಹ ಮಿಶ್ರ ಸಂತತಿಯಾ?

ಈ ಪ್ರಶ್ನೆ ಸಹಜ. ಆದರೆ ಅರ್ಥ ಬೇರೆ. ಇಂಗ್ಲೆಂಡಿನಿಂದ ಬಂದು ಐರ್ಲೆಂಡಿನಲ್ಲಿ ಭೂಮಿ ಹಿಡಿದು, ತಲೆಮಾರುಗಟ್ಟಲೆ ಅಲ್ಲೇ ನೆಲೆ ನಿಂತ ಪ್ರಾಟೆಸ್ಟಂಟ್ ಜಮೀನ್ದಾರರನ್ನು ಆಂಗ್ಲೋ-ಐರಿಷ್ ಅನ್ನುತ್ತಾರೆ. ಊರಿನ ಜನ ಬಹುಪಾಲು ಕ್ಯಾಥೊಲಿಕರು. ಭೂಮಿ, ನ್ಯಾಯಾಲಯ, ಡಬ್ಲಿನ್‌ನ ಸಂಸತ್ತು ಎಲ್ಲ ಈ ಸಣ್ಣ ಗುಂಪಿನ ಕೈಯಲ್ಲಿ. ಕ್ಯಾಥೊಲಿಕರು ಸಂಸತ್ತಿಗೆ ಹೋಗುವಂತಿರಲಿಲ್ಲ. ಭೂಮಿ ಕೊಳ್ಳುವುದಕ್ಕೂ ಬಹಳ ಕಾಲ ಅಡ್ಡಿ ಇತ್ತು.

ಹಾಗಾಗಿ ಇವರ ಸ್ಥಿತಿ ವಿಚಿತ್ರ. ಐರ್ಲೆಂಡಿನ ರೈತನಿಗೆ ಇವರು ಇಂಗ್ಲಿಷರು. ಲಂಡನ್ನಿನ ದೊಡ್ಡ ಮನೆಗಳವರಿಗೆ ಇವರು ಐರಿಷ್ ಕಡೆಯ ಸಣ್ಣ ಶ್ರೀಮಂತರು. ಎರಡೂ ಕಡೆ ಪೂರ್ತಿ ನಮ್ಮವರು ಅನಿಸಿಕೊಳ್ಳದವರು. ಈ ಮನೆಯ ಮಕ್ಕಳಿಗೆ ಪದವಿ, ಬಿರುದುಗಳ ಮೇಲೆ ಅಷ್ಟೊಂದು ಹಸಿವು ಯಾಕಿತ್ತು ಅನ್ನುವುದಕ್ಕೆ ನನಗೆ ಕಾಣುವ ಕಾರಣ ಇದು.

ಆರ್ಥರ್ ಹುಟ್ಟಿದ್ದು ಎಲ್ಲಿ?

1769ರಲ್ಲಿ, ಡಬ್ಲಿನ್‌ನಲ್ಲಿ. ಮೆರಿಯನ್ ಬೀದಿಯ ಮನೆತನದ ಬಂಗಲೆಯಲ್ಲಿ ಅಂತ ಹೆಚ್ಚಿನವರು ಒಪ್ಪುತ್ತಾರೆ. ಆತ ಹುಟ್ಟುಹಬ್ಬ ಮಾಡಿಕೊಳ್ಳುತ್ತಿದ್ದದ್ದು ಮೇ 1ಕ್ಕೆ. ಹುಟ್ಟಿದ ದಿನದ ಬಗ್ಗೆಯೂ ಜಾಗದ ಬಗ್ಗೆಯೂ ಆಗಿನಿಂದಲೇ ತಕರಾರಿದೆ. ಮೀತ್ ಕೌಂಟಿಯಲ್ಲಿ ಅವರ ಡ್ಯಾಂಗನ್ ಕೋಟೆಮನೆ ಇತ್ತು, ಅಲ್ಲೇ ಹುಟ್ಟಿದ್ದು ಅನ್ನುವವರೂ ಇದ್ದಾರೆ. ನೆಪೋಲಿಯನ್ ಹುಟ್ಟಿದ್ದೂ ಅದೇ 1769ರಲ್ಲಿ.

ಮನೆತನದ ನಿಜವಾದ ಹೆಸರು ವೆಲ್ಲೆಸ್ಲಿ ಅಲ್ಲವಂತೆ, ಹೌದಾ?

ಹೌದು. ಮೂಲದಲ್ಲಿ ಇವರು ಕೋಲಿ ಮನೆಯವರು. ಆರ್ಥರನ ತಾತ ರಿಚರ್ಡ್ ಕೋಲಿಗೆ ಗ್ಯಾರೆಟ್ ವೆಸ್ಲಿ ಎಂಬ ಮಕ್ಕಳಿಲ್ಲದ ಸಂಬಂಧಿಯ ಆಸ್ತಿ 1728ರಲ್ಲಿ ಬಂತು. ಆಸ್ತಿ ಬೇಕಾದರೆ ವೆಸ್ಲಿ ಅಂತ ಹೆಸರು ಇಟ್ಟುಕೊಳ್ಳಬೇಕು ಅನ್ನುವುದು ಷರತ್ತು. ನಮ್ಮಲ್ಲಿ ದತ್ತು ಹೋದ ಮಗ ಮನೆ ಹೆಸರು ಬದಲಾಯಿಸಿಕೊಂಡ ಹಾಗೆ. 1746ರಲ್ಲಿ ಈ ತಾತ ಮಾರ್ನಿಂಗ್ಟನ್ ಬ್ಯಾರನ್ ಆದ. (ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವೆಸ್, ಡ್ಯೂಕ್, ಇವು ಅಲ್ಲಿಯ ಶ್ರೀಮಂತ ಬಿರುದುಗಳು, ಕೆಳಗಿನಿಂದ ಮೇಲಕ್ಕೆ.)

ವೆಸ್ಲಿಯನ್ನು ಹಳೆಯ ರೂಪಕ್ಕೆ ತಿರುಗಿಸಿ ವೆಲ್ಲೆಸ್ಲಿ ಮಾಡಿದ್ದು ರಿಚರ್ಡ್. ಅವನಿಗೆ ಅದು ಹೆಚ್ಚು ಗತ್ತಿನ ಹೆಸರು ಅನಿಸಿತ್ತು. ಆರ್ಥರ್ ಭಾರತಕ್ಕೆ ಬಂದಾಗ ಇನ್ನೂ ವೆಸ್ಲಿ ಅಂತಲೇ ಸಹಿ ಹಾಕುತ್ತಿದ್ದ. 1798ರ ಮೇನಲ್ಲಿ, ಅಣ್ಣ ಗವರ್ನರ್ ಜನರಲ್ ಆಗಿ ಬಂದು ಇಳಿದ ಮೇಲೆ, ಅವನ ಸಹಿಯೂ ವೆಲ್ಲೆಸ್ಲಿ ಆಯಿತು.

ಅಪ್ಪ ಅಮ್ಮ ಯಾರು?

ಅಪ್ಪ ಗ್ಯಾರೆಟ್ ವೆಸ್ಲಿ, ಮೊದಲನೇ ಮಾರ್ನಿಂಗ್ಟನ್ ಅರ್ಲ್. ಸಂಗೀತದ ಹುಚ್ಚು. ಬರೀ ಹುಚ್ಚಲ್ಲ, ನಿಜವಾದ ವಿದ್ವತ್ತು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಮೊದಲ ಪ್ರಾಧ್ಯಾಪಕ ಆತನೇ, 1764ರಲ್ಲಿ. ಆದರೆ ಹಣ ಉಳಿಸುವ ವಿದ್ಯೆ ಗೊತ್ತಿರಲಿಲ್ಲ. 1781ರಲ್ಲಿ ತೀರಿಕೊಂಡಾಗ ಆಸ್ತಿಯ ಮೇಲೆ ಸಾಲ ಕೂತಿತ್ತು. ಆಗ ರಿಚರ್ಡ್‌ಗೆ 20, ಆರ್ಥರನಿಗೆ 12.

ಅಮ್ಮ ಆ್ಯನ್, ಡಂಗ್ಯಾನನ್ ವೈಕೌಂಟ್‌ನ ಮಗಳು. ಗಟ್ಟಿಗಿತ್ತಿ, ಸ್ವಲ್ಪ ಬಿರುಸು. ಆರ್ಥರನ ಬಗ್ಗೆ ಅವಳಿಗೆ ಹೆಚ್ಚು ಭರವಸೆ ಇರಲಿಲ್ಲ. ಈ ಹುಡುಗ ಸೈನ್ಯಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಆಗುವುದಿಲ್ಲ ಅಂದುಕೊಂಡಿದ್ದಳು. ಆಕೆ ಬದುಕಿದ್ದು 1831ರ ತನಕ, ಅಂದರೆ ಆ "ಆಗದ" ಮಗ ಬ್ರಿಟನ್ನಿನ ಪ್ರಧಾನಿಯಾಗಿ ಕೆಳಗಿಳಿದದ್ದನ್ನೂ ನೋಡಿದಳು.

ಅಪ್ಪನ ಸಂಗೀತ ಆರ್ಥರನಿಗೂ ಬಂದಿತ್ತು. ಚೆನ್ನಾಗಿ ಪಿಟೀಲು ನುಡಿಸುತ್ತಿದ್ದ. 1793ರಲ್ಲಿ ಒಂದು ದಿನ ಪಿಟೀಲುಗಳನ್ನು ಬೆಂಕಿಗೆ ಹಾಕಿಬಿಟ್ಟ. ಮತ್ತೆಂದೂ ನುಡಿಸಲಿಲ್ಲ. ಯಾಕೆ ಅನ್ನುವುದು ಮದುವೆಯ ಪ್ರಶ್ನೆಯಲ್ಲಿ ಬರುತ್ತದೆ.

ಒಡಹುಟ್ಟಿದವರು ಎಷ್ಟು ಜನ?

ದೊಡ್ಡವರಾಗಿ ಬಾಳಿದವರು ಆರು ಜನ. ರಿಚರ್ಡ್, ವಿಲಿಯಂ, ಆ್ಯನ್, ಆರ್ಥರ್, ಜೆರಾಲ್ಡ್, ಹೆನ್ರಿ. ಐದು ಗಂಡು, ಒಂದು ಹೆಣ್ಣು. ಅಲ್ಲಿಯ ಪದ್ಧತಿ ಪ್ರಕಾರ ಬಿರುದು, ಆಸ್ತಿ ಎಲ್ಲ ಹಿರಿಮಗನಿಗೆ. ಮಿಕ್ಕವರು ಸೈನ್ಯ, ಚರ್ಚು, ರಾಜತಾಂತ್ರಿಕ ಕೆಲಸ ಹುಡುಕಿಕೊಳ್ಳಬೇಕು. ವಿಲಿಯಂ ಇನ್ನೊಬ್ಬ ಸಂಬಂಧಿಯ ಆಸ್ತಿ ಸಿಕ್ಕು ವೆಲ್ಲೆಸ್ಲಿ-ಪೋಲ್ ಆದ, ಮುಂದೆ ಟಂಕಸಾಲೆಯ ಮುಖ್ಯಸ್ಥನೂ ಆದ. ಜೆರಾಲ್ಡ್ ಪಾದ್ರಿಯಾದ. ಹೆನ್ರಿ ರಾಯಭಾರಿಯಾದ.

ಆರ್ಥರ್ ಓದಿನಲ್ಲಿ ಹಿಂದು. ಈಟನ್ ಶಾಲೆಗೆ ಹಾಕಿದರು, ಅಲ್ಲಿ ಮಿಂಚಲಿಲ್ಲ. ಮನೆಯಲ್ಲಿ ದುಡ್ಡಿನ ಮುಗ್ಗಟ್ಟು ಬಂದಾಗ 1784ರಲ್ಲಿ ಬಿಡಿಸಿದರು. ಆಮೇಲೆ ಫ್ರಾನ್ಸಿನ ಆಂಜೆಯಲ್ಲಿ ಕುದುರೆ ಸವಾರಿ ಶಾಲೆ. ಫ್ರೆಂಚರನ್ನು ಸೋಲಿಸಿದವನು ಫ್ರೆಂಚ್ ಕಲಿತದ್ದೂ ಸವಾರಿ ಕಲಿತದ್ದೂ ಅವರ ಊರಿನಲ್ಲೇ. 1787ರಲ್ಲಿ ಸೈನ್ಯಕ್ಕೆ ಸೇರಿದ. ಆಗ ಅಧಿಕಾರಿ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. 33ನೇ ಪದಾತಿ ದಳದಲ್ಲಿ ಅವನಿಗೆ ಮೇಲಿನ ಹುದ್ದೆ ಸಿಗಲು ದುಡ್ಡು ಒದಗಿಸಿದ್ದು ರಿಚರ್ಡ್. 1790ರಲ್ಲಿ ಮನೆತನದ ಹಿಡಿತದಲ್ಲಿದ್ದ ಟ್ರಿಮ್ ಕ್ಷೇತ್ರದಿಂದ ಐರಿಷ್ ಸಂಸತ್ತಿಗೂ ಹೋದ. ಅದೂ ಅಣ್ಣನ ದಯೆ.

ಅದೇ 1793ರಲ್ಲಿ ರಿಚರ್ಡ್ ಡ್ಯಾಂಗನ್ ಕೋಟೆಮನೆಯನ್ನು ಮಾರಿಬಿಟ್ಟ. ಬೆಳೆದ ಮನೆ ಹೋಯಿತು. ಐರ್ಲೆಂಡಿನಲ್ಲಿ ಇವರನ್ನು ಹಿಡಿದಿಟ್ಟುಕೊಳ್ಳುವಂಥದ್ದು ಹೆಚ್ಚೇನೂ ಉಳಿಯಲಿಲ್ಲ.

ಹಾಗಾದರೆ ಟಿಪ್ಪುವನ್ನು ಸೋಲಿಸಿದ್ದು ಆರ್ಥರ್ ಅಲ್ವಾ?

ಒಬ್ಬನೇ ಅಲ್ಲ, ಮುಖ್ಯನೂ ಅಲ್ಲ. ಸೇನಾಪತಿ ಜನರಲ್ ಹ್ಯಾರಿಸ್. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಆರ್ಥರ್ ನಿಜಾಮನ ಪಡೆಯ ಜೊತೆಗಿದ್ದ. ಮಾರ್ಚ್ 27ರ ಮಳವಳ್ಳಿ ಕಾಳಗದಲ್ಲಿ ಚೆನ್ನಾಗಿಯೇ ಹೋರಾಡಿದ. ಆದರೆ ಕೋಟೆ ಬಿದ್ದ ದಿನ ಹಿಂದಿನ ಕಂದಕದಲ್ಲಿ ಮೀಸಲು ಪಡೆ ನೋಡಿಕೊಳ್ಳುತ್ತಿದ್ದ.

ಅದಕ್ಕೂ ಮುಂಚೆ ಅವನಿಗೆ ಇಲ್ಲಿ ಒಂದು ದೊಡ್ಡ ಪೆಟ್ಟು ಬಿದ್ದಿತ್ತು. ಏಪ್ರಿಲ್ 5ರ ರಾತ್ರಿ. ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆ ತೋಪು, ನಡುವೆ ನೀರಿನ ಕಾಲುವೆಗಳು. ಹಗಲು ಒಮ್ಮೆ ಹೋಗಿ ನೋಡದೆ ಕತ್ತಲಲ್ಲಿ ಒಳಗೆ ನುಗ್ಗಿದರು. ಟಿಪ್ಪುವಿನ ಸೈನಿಕರಿಗೆ ತೋಪಿನ ಮರ ಮರವೂ ಗೊತ್ತು. ಆರ್ಥರನ ಪಡೆ ಚೆಲ್ಲಾಪಿಲ್ಲಿ. ಅವನ ಮಂಡಿಗೆ ಗುಂಡು ಸವರಿ ಹೋಯಿತು. ಹನ್ನೆರಡು ಸೈನಿಕರು ಸೆರೆ ಸಿಕ್ಕಿ ಸತ್ತರು. ಅವನೇ ದಾರಿ ತಪ್ಪಿ ಒಬ್ಬನೇ ಡೇರೆಗೆ ವಾಪಸ್ ಬಂದ. ಮಾರನೇ ಬೆಳಿಗ್ಗೆ ಬೆಳಕಲ್ಲಿ ಅದೇ ತೋಪನ್ನು ಹಿಡಿದರು ನಿಜ. ಆದರೆ ಆ ರಾತ್ರಿಯನ್ನು ಅವನು ಸಾಯುವ ತನಕ ಮರೆಯಲಿಲ್ಲ. ಮುಂಚೆ ನೋಡದ ಜಾಗಕ್ಕೆ ರಾತ್ರಿ ನುಗ್ಗುವುದಿಲ್ಲ ಅಂತ ಆಗಲೇ ನಿಶ್ಚಯ ಮಾಡಿದ. ಮುಂದೆ ಯೂರೋಪಿನಲ್ಲಿ ನೆಲ ನೋಡಿ ಯುದ್ಧ ಮಾಡುವವನು ಅಂತ ಹೆಸರಾದವನಿಗೆ ಆ ಪಾಠ ಆದದ್ದು ಕಾವೇರಿ ದಂಡೆಯ ತೋಪಿನಲ್ಲಿ.

ಕೋಟೆ ಗೆದ್ದದ್ದು ಬೇರ್ಡ್, ಅಧಿಕಾರ ಆರ್ಥರನಿಗೆ. ಇದು ಅಣ್ಣನ ಕೃಪೆಯೇ?

ಆಗಿನ ಕಾಲದಲ್ಲೇ ಈ ಮಾತು ಬಂತು. ಬೇರ್ಡ್‌ನ ಕಡೆಯಿಂದ ಸ್ವಲ್ಪ ಯೋಚಿಸಿ ನೋಡಿ. ಟಿಪ್ಪುವಿನ ಕಡೆಯವರ ಕೈಲಿ ಬ್ರಿಟಿಷರು ಸೋತ ಪೊಳ್ಳಿಲೂರಿನ ಕಾಳಗದಲ್ಲಿ ಸೆರೆ ಸಿಕ್ಕಿ, ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸಂಕೋಲೆಯಲ್ಲಿದ್ದವನು. ಅದೇ ಕೋಟೆಯನ್ನು ತಾನೇ ಮುಂದೆ ನಿಂತು ಗೆದ್ದ. ಬೆವರು ಆರುವ ಮೊದಲೇ ತನಗಿಂತ ಕಿರಿಯ ಅಧಿಕಾರಿಗೆ ಕೋಟೆ ಒಪ್ಪಿಸಬೇಕಾಯಿತು. ಆ ಕಿರಿಯನೋ, ಗವರ್ನರ್ ಜನರಲ್‌ನ ತಮ್ಮ. ಬೇರ್ಡ್‌ಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನೇಮಕ ಮಾಡಿದ್ದು ಹ್ಯಾರಿಸ್. ಗವರ್ನರ್ ಜನರಲ್‌ನ ತಮ್ಮ ಅನ್ನುವುದು ಅವನ ತಲೆಯಲ್ಲಿ ಇರಲಿಲ್ಲ ಅಂತ ನಾನು ನಂಬುವುದಿಲ್ಲ. ಆದರೆ ಆರ್ಥರ್ ಆ ಕೆಲಸಕ್ಕೆ ತಕ್ಕವನಾಗಿದ್ದ ಅನ್ನುವುದೂ ನಿಜ. ಕೋಟೆ ಬಿದ್ದ ರಾತ್ರಿ ಊರೆಲ್ಲ ಲೂಟಿ. ಆರ್ಥರ್ ಬಂದು ಲೂಟಿ ಮಾಡಿದ ನಾಲ್ವರನ್ನು ನೇಣಿಗೆ ಹಾಕಿಸಿದ, ಇನ್ನು ಕೆಲವರಿಗೆ ಚಾಟಿ ಏಟು. ಎರಡು ಮೂರು ದಿನದಲ್ಲಿ ಅಂಗಡಿಗಳು ಬಾಗಿಲು ತೆಗೆದವು. ಟಿಪ್ಪು ಸಾಕಿದ್ದ ಹುಲಿಗಳಿಗೆ ಊಟ ಹಾಕುವವರಿಲ್ಲದೆ, ಯಾರಾದರೂ ತೆಗೆದುಕೊಂಡು ಹೋಗದಿದ್ದರೆ ಗುಂಡು ಹೊಡೆಸಬೇಕಾಗುತ್ತದೆ ಅಂತ ಹ್ಯಾರಿಸ್‌ಗೆ ಕಾಗದ ಬರೆದ.

ಆಮೇಲೆ ಮೈಸೂರಿನ ಭವಿಷ್ಯ ತೀರ್ಮಾನಿಸಲು ಒಂದು ಆಯೋಗ ಕೂತಿತು. ಐದು ಸದಸ್ಯರು. ಅದರಲ್ಲಿ ಇಬ್ಬರು ವೆಲ್ಲೆಸ್ಲಿಗಳು, ಆರ್ಥರ್ ಮತ್ತು ಹೆನ್ರಿ. ಅವರನ್ನು ನೇಮಿಸಿದ್ದು ಮೂರನೇ ವೆಲ್ಲೆಸ್ಲಿ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1799ರ ಜೂನ್ 30ರಂದು ಗದ್ದಿಗೆಗೆ ಕೂರಿಸಿದ್ದೂ, ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಕಟ್ಟಬೇಕು ಅಂತ ಒಪ್ಪಂದ ಮಾಡಿದ್ದೂ ಈ ಏರ್ಪಾಡಿನಲ್ಲಿ. ಒಂದು ಐರಿಷ್ ಮನೆಯ ಮೂವರು ಮಕ್ಕಳು ನಮ್ಮ ನಾಡಿನ ಹಣೆಬರಹ ಬರೆದರು ಅಂದರೆ ಅದು ಉತ್ಪ್ರೇಕ್ಷೆಯಲ್ಲ.

ವೆಲ್ಲೆಸ್ಲಿ ಸೇತುವೆ ಯಾವ ವೆಲ್ಲೆಸ್ಲಿಯದ್ದು?

ರಿಚರ್ಡ್‌ನದ್ದು. ಊರಲ್ಲಿ ಇದ್ದವನು ಆರ್ಥರ್ ಆದ್ದರಿಂದ ಅವನ ಹೆಸರು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ದಿವಾನ್ ಪೂರ್ಣಯ್ಯನವರು ಮುಂದೆ ನಿಂತು ಕಟ್ಟಿಸಿದರು, 1804ರಲ್ಲಿ ಮುಗಿಯಿತು. ಹತ್ತಿರ ಹೋಗಿ ಆ ಕಲ್ಲುಕಂಬಗಳನ್ನು ನೋಡಿ. ನಯ ಮಾಡಿದ ಕಲ್ಲಲ್ಲ. ಉಳಿ ಏಟಿನ ಗುರುತು ಕೈಗೆ ಹತ್ತುತ್ತದೆ. ಕಂಬದ ಮೇಲೆ ಬೋದಿಗೆ ಇಟ್ಟು, ಅದರ ಮೇಲೆ ಕಲ್ಲಿನ ತೊಲೆ ಹಾಯಿಸಿದ್ದಾರೆ. ನಮ್ಮ ದೇವಸ್ಥಾನದ ಮಂಟಪ ಕಟ್ಟುವ ರೀತಿಯೇ. ಹೆಸರು ಐರ್ಲೆಂಡಿನದ್ದು, ಕೈಗಳು ನಮ್ಮ ಕಲ್ಲುಕುಟಿಗರದ್ದು. ಎಷ್ಟೋ ಕಾವೇರಿ ಪ್ರವಾಹಗಳನ್ನು ತಡೆದು ನಿಂತಿದೆ.

ಆರ್ಥರ್ ಇಲ್ಲಿ ಎಷ್ಟು ವರ್ಷ ಇದ್ದ? ಹೇಗಿದ್ದ?

1797ರಲ್ಲಿ ಕಲ್ಕತ್ತೆಗೆ ಬಂದು 1805ರ ಮಾರ್ಚಿನಲ್ಲಿ ಭಾರತ ಬಿಟ್ಟ. ನಡುವಿನ ಬಹುಪಾಲು ಮೈಸೂರು ಸೀಮೆಯಲ್ಲೇ. ದರಿಯಾ ದೌಲತ್‌ನಲ್ಲಿ ವಾಸ. ಗೋಡೆ ಮೇಲೆ ಪೊಳ್ಳಿಲೂರಿನ ಚಿತ್ರ ಇದೆಯಲ್ಲ, ಬ್ರಿಟಿಷರು ಸೋತ ಚಿತ್ರ, ಅದನ್ನು ಅಳಿಸಲಿಲ್ಲ. ಬದಲಿಗೆ ರಿಪೇರಿ ಮಾಡಿಸಿದ. ಈ ಒಂದು ಕೆಲಸಕ್ಕೆ ನಾನು ಅವನಿಗೆ ಋಣಿ.

ಹಾಗಂತ ಅವನು ಸಾಧು ಅಲ್ಲ. 1802ರಲ್ಲಿ ಬಲಂ ಸೀಮೆಯ, ಅಂದರೆ ಮಂಜರಾಬಾದ್ ಕಡೆಯ ಪಾಳೆಯಗಾರನ ಮೇಲೆ ದಂಡೆತ್ತಿ ಹೋಗಿ, ಹಿಡಿದು ನೇಣಿಗೆ ಹಾಕಿಸಿದ. ಸಕಲೇಶಪುರದ ಕಾಡಿನ ಹಳ್ಳಿಗಳಿಗೆ ಅವನು ಬಂದದ್ದು ಬೆಂಕಿಯ ಜೊತೆ.

ಚನ್ನಗಿರಿಯ ಧೊಂಡಿಯ ವಾಘ್‌ನ ಕಥೆಯೂ ಇದೇ ಕಾಲದ್ದು. ಟಿಪ್ಪುವಿನ ಸೆರೆಯಿಂದ ಬಿಡಿಸಿಕೊಂಡು, ಉಭಯ ಲೋಕಾಧೀಶ್ವರ ಅಂತ ಬಿರುದು ಹಾಕಿಕೊಂಡು ಎದ್ದವನು. ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಹತ್ತಿರ ಅವನನ್ನು ಕೊಂದರು. ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕ. ಹೆಸರು ಸಲಾಬತ್ ಖಾನ್, ಧೊಂಡಿಯನ ಮಗ. ಆರ್ಥರ್ ಅವನನ್ನು ತನ್ನ ಡೇರೆಗೆ ಕರೆತಂದ. ದೇಶ ಬಿಡುವಾಗ ಹುಡುಗನ ಖರ್ಚಿಗೆಂದು ಶ್ರೀರಂಗಪಟ್ಟಣದಲ್ಲಿ ದುಡ್ಡು ಇಟ್ಟು ಹೋದ. ಸಲಾಬತ್ ಬೆಳೆದು ಮೈಸೂರು ರಾಜರ ಸೇವೆಗೆ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ. ಅಪ್ಪನನ್ನು ಕೊಂದವನೇ ಮಗನನ್ನು ಸಾಕಿದ. ಇದನ್ನು ಏನಂತ ಕರೆಯಬೇಕೋ ನನಗೆ ಇವತ್ತಿಗೂ ತಿಳಿಯುವುದಿಲ್ಲ.

ಪೂರ್ಣಯ್ಯನವರ ಜೊತೆ ಸಂಬಂಧ ಹೇಗಿತ್ತು?

ಒಬ್ಬರ ಮೇಲೊಬ್ಬರಿಗೆ ನಿಜವಾದ ಗೌರವ ಇತ್ತು. 1803ರಲ್ಲಿ ಹರಿಹರದಲ್ಲಿ ಸೈನ್ಯ ಸೇರಿಸಿ ಪುಣೆಗೆ ಹೊರಟಾಗ ಮೈಸೂರಿನಿಂದ ಕುದುರೆ ಪಡೆ, ಧಾನ್ಯ, ಎತ್ತು ಎಲ್ಲ ಒದಗಿಸಿದ್ದು ಪೂರ್ಣಯ್ಯನವರು. ಅದೇ ವರ್ಷ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠರ ಮೇಲೆ ಆರ್ಥರ್ ಗೆದ್ದ. ನೀನು ಮಾಡಿದ ಅತ್ಯುತ್ತಮ ಯುದ್ಧ ಯಾವುದು ಅಂತ ಮುದಿ ವಯಸ್ಸಿನಲ್ಲಿ ಕೇಳಿದರೆ ವಾಟರ್‌ಲೂ ಅನ್ನಲಿಲ್ಲ, ಅಸ್ಸಾಯೆ ಅಂದ. ದೇಶ ಬಿಡುವ ಮುಂಚೆ ಪೂರ್ಣಯ್ಯನವರಿಗೆ ಪ್ರೀತಿಯ ಕಾಗದ ಬರೆದು, ನೆನಪಿಗೆಂದು ತನ್ನ ಚಿತ್ರಪಟವನ್ನೂ ಕಳಿಸಿದ.

ಎತ್ತಿನ ವಿಷಯ ಬಂತಲ್ಲ, ಅಮೃತ ಮಹಲ್ ರಾಸುಗಳನ್ನು ಮರೆಯಬಾರದು. ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತ ಮಹಲ್. ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಬಿಗಿಯಾದ ಮೈ. ಫಿರಂಗಿ ಎಳೆದುಕೊಂಡು ಕುದುರೆ ಸೈನ್ಯದ ಸಮಕ್ಕೆ ನಡೆಯುವ ಎತ್ತುಗಳು. ಆರ್ಥರನ ವೇಗದ ದಂಡಯಾತ್ರೆಗಳ ಹಿಂದೆ ಇದ್ದದ್ದು ಇವು. ಸ್ಪೇನಿನಲ್ಲಿ ಬಂಡಿಗಳು ಕೆಸರಲ್ಲಿ ಹೂತಾಗ ಮೈಸೂರಿನ ಎತ್ತುಗಳು ಇಲ್ಲವಲ್ಲ ಅಂತ ಅವನು ಪೇಚಾಡಿದ್ದನ್ನು ನಮ್ಮ ಗ್ಯಾಸೆಟಿಯರುಗಳು ಹೆಮ್ಮೆಯಿಂದ ಬರೆದಿವೆ.

ಅವನ ಮದುವೆ ಕಥೆ ಏನು?

ಹುಡುಗಿ ಕಿಟಿ ಪ್ಯಾಕನ್‌ಹ್ಯಾಂ. ಇನ್ನೊಂದು ಆಂಗ್ಲೋ-ಐರಿಷ್ ದೊಡ್ಡ ಮನೆ, ಲಾಂಗ್‌ಫರ್ಡ್ ಅರ್ಲ್‌ಗಳ ಮನೆ. 1793ರ ಸುಮಾರಿಗೆ ಆರ್ಥರ್ ಹುಡುಗಿ ಕೇಳಿದ. ಆಗ ಮನೆಯ ಯಜಮಾನಿಕೆ ಅವಳ ತಮ್ಮನದ್ದು. ಸಾಲದ ಮನೆ, ಮೂರನೇ ಮಗ, ಇಸ್ಪೀಟು ಬೇರೆ ಆಡುತ್ತಾನೆ. ಆಗುವುದಿಲ್ಲ ಅಂದರು. ಪಿಟೀಲು ಸುಟ್ಟದ್ದು ಆಗ.

ಹನ್ನೆರಡು ವರ್ಷ ಕಳೆಯಿತು. ನೈಟ್ ಬಿರುದು, ಜನರಲ್ ಹುದ್ದೆ, ಕೈಯಲ್ಲಿ ದುಡ್ಡು, ಎಲ್ಲ ಸಂಪಾದಿಸಿ ಭಾರತದಿಂದ ವಾಪಸ್ ಹೋದ. ಕಿಟಿ ಇನ್ನೂ ಮದುವೆಯಾಗಿರಲಿಲ್ಲ. ಮಧ್ಯೆ ಇನ್ನೊಬ್ಬನ ಜೊತೆ ಮಾತುಕತೆಯಾಗಿ ಮುರಿದಿತ್ತು. ಅವಳ ಮುಖವನ್ನೂ ನೋಡದೆ ಕಾಗದದಲ್ಲೇ ಮದುವೆ ಪ್ರಸ್ತಾಪ ಕಳಿಸಿದ. 1806ರ ಏಪ್ರಿಲ್ 10ರಂದು ಡಬ್ಲಿನ್‌ನಲ್ಲಿ ಮದುವೆ. ಶಾಸ್ತ್ರ ಮಾಡಿಸಿದ್ದು ತಮ್ಮ ಜೆರಾಲ್ಡ್. ಅವಳು ಸೊರಗಿಹೋಗಿದ್ದಾಳೆ ಅಂತ ಆರ್ಥರ್ ತಮ್ಮನ ಕಿವಿಯಲ್ಲಿ ಅಂದನಂತೆ. ಆರಂಭವೇ ಹಾಗೆ.

ಸಂಸಾರ ಹೊಂದಲಿಲ್ಲ. ಅವನು ಕೆಲಸ, ಯುದ್ಧ, ಬೇರೆ ಹೆಂಗಸರ ಗೆಳೆತನ. ಅವಳು ಮನೆ, ಮಕ್ಕಳು, ಓದು. ಇಬ್ಬರು ಗಂಡುಮಕ್ಕಳು: 1807ರಲ್ಲಿ ಆರ್ಥರ್ ರಿಚರ್ಡ್, 1808ರಲ್ಲಿ ಚಾರ್ಲ್ಸ್. ಕಿಟಿಯ ಮಡಿಲು ಮಾತ್ರ ದೊಡ್ಡದು. ಶ್ರೀರಂಗಪಟ್ಟಣದಲ್ಲಿದ್ದ ಒಬ್ಬ ಅಧಿಕಾರಿಯ ಮಗ ಆರ್ಥರ್ ಫ್ರೀಸ್, ತನ್ನ ಗಂಡನ ಹೆಸರನ್ನೇ ಇಟ್ಟುಕೊಂಡ ಮಗು, ಇಂಗ್ಲೆಂಡಿಗೆ ಬಂದಾಗ ಅವನನ್ನೂ ನೋಡಿಕೊಂಡಳು. ಮೈದುನ ಹೆನ್ರಿಯ ಮಗನನ್ನೂ ಸಾಕಿದಳು.

1831ರ ಏಪ್ರಿಲ್‌ನಲ್ಲಿ ಕಿಟಿ ಸಾಯುವ ಸ್ಥಿತಿಯಲ್ಲಿದ್ದಳು. ಆರ್ಥರ್ ಹಾಸಿಗೆ ಪಕ್ಕ ಕೂತಿದ್ದ. ಅವಳು ಮೆಲ್ಲಗೆ ಅವನ ತೋಳಿನೊಳಗೆ ಬೆರಳು ಸರಿಸಿ ತಡವಿದಳು. ಎಂದೋ ತಾನು ಕೊಟ್ಟ ತಾಯಿತದಂಥ ತೋಳುಪಟ್ಟಿ ಇನ್ನೂ ಇದೆಯಾ ಅಂತ. ಇತ್ತು. ಇಪ್ಪತ್ತು ವರ್ಷದಲ್ಲಿ ಯಾವಾಗ ನೋಡಿದ್ದರೂ ಸಿಗುತ್ತಿತ್ತು, ಅವಳು ನೋಡಲಿಲ್ಲ ಅಷ್ಟೆ ಅಂತ ಆಮೇಲೆ ಅವನು ಆಪ್ತರ ಹತ್ತಿರ ಹೇಳಿಕೊಂಡ. ಈ ಜಾಗ ಓದುವಾಗಲೆಲ್ಲ ನನಗೆ ಕಿಟಿಯ ಪರವಾಗಿಯೇ ಸಂಕಟವಾಗುತ್ತದೆ. ಅವಳ ಹೆಣ ಮನೆಯಲ್ಲಿದ್ದಾಗಲೇ, ರಾಜಕೀಯ ಸುಧಾರಣೆಗೆ ಗಂಡ ಅಡ್ಡ ನಿಂತ ಅಂತ ಜನ ಬಂದು ಕಿಟಕಿ ಗಾಜುಗಳಿಗೆ ಕಲ್ಲು ಹೊಡೆದರು. ಆಮೇಲೆ ಆ ಮನೆಯ ಕಿಟಕಿಗಳಿಗೆ ಕಬ್ಬಿಣದ ಬಾಗಿಲು ಬಂತು.

"ವೆಲ್ಲಿಂಗ್ಟನ್" ಅನ್ನುವ ಹೆಸರು ಎಲ್ಲಿಂದ ಬಂತು?

1809ರಲ್ಲಿ ಸ್ಪೇನಿನ ತಲವೆರಾ ಗೆಲುವಿಗೆ ವೈಕೌಂಟ್ ಬಿರುದು ಸಿಕ್ಕಿತು. ಬಿರುದಿಗೆ ಊರ ಹೆಸರು ಬೇಕು. ಆರ್ಥರ್ ಯುದ್ಧಭೂಮಿಯಲ್ಲಿ, ಕೇಳುವುದಕ್ಕೆ ಸಮಯ ಇಲ್ಲ. ಅಣ್ಣ ವಿಲಿಯಂ ನಕ್ಷೆ ನೋಡಿ, ಸಾಮರ್ಸೆಟ್‌ನಲ್ಲಿ ವೆಲ್ಲೆಸ್ಲಿ ಹೆಸರಿಗೆ ಹತ್ತಿರದ ವೆಲ್ಲಿಂಗ್ಟನ್ ಎಂಬ ಊರು ಆರಿಸಿದ. ಆರ್ಥರ್ ಒಪ್ಪಿದ. 1814ರಲ್ಲಿ ಅದೇ ಹೆಸರಿನ ಡ್ಯೂಕ್ ಆದ. ನೀಲಗಿರಿಯ ವೆಲ್ಲಿಂಗ್ಟನ್ ದಂಡು ಊರಿಗೆ ಬಂದದ್ದೂ ಇದೇ ಹೆಸರು.

ಅಣ್ಣ ರಿಚರ್ಡ್ ಏನಾದ?

ಇದು ಈ ಮನೆಯ ದುಃಖದ ಭಾಗ. ಎಲ್ಲರನ್ನೂ ಎತ್ತಿದವನು ಕೊನೆಗೆ ತಮ್ಮನ ನೆರಳಲ್ಲಿ ಉ‍ಳಿದ. ಮೈಸೂರು ಗೆದ್ದದ್ದಕ್ಕೆ ತನಗೆ ಇಂಗ್ಲಿಷ್ ಬಿರುದು ಸಿಗುತ್ತದೆ ಅಂತ ಕಾದಿದ್ದ. ಬಂದದ್ದು ಐರಿಷ್ ಮಾರ್ಕ್ವೆಸ್ ಪದವಿ. ಇದು ಚಿನ್ನದ ನೀರು ಹಾಕಿದ ಆಲೂಗಡ್ಡೆ ಅಂತ ಕೋಪದಿಂದ ಬರೆದ. ಐರ್ಲೆಂಡಿನವನೇ ಐರಿಷ್ ಬಿರುದನ್ನು ಹೀಗೆ ನೋಡಿದ ಅಂದರೆ ಆ ವರ್ಗದ ಮನಸ್ಸು ಅರ್ಥವಾಗುತ್ತದೆ ಅಲ್ವಾ? ದುಡ್ಡಿನ ವಿಷಯದಲ್ಲಿ ಮಾತ್ರ ಕೈ ದೊಡ್ಡದು. ಶ್ರೀರಂಗಪಟ್ಟಣದ ಲೂಟಿ ಹಂಚಿಕೆಯಲ್ಲಿ ಆರ್ಥರನಿಗೆ ಸುಮಾರು 4,000 ಪೌಂಡ್ ಬಂದಾಗ, ಅಣ್ಣನ ಹಳೆಯ ಸಾಲ ತೀರಿಸಲು ಹೋದ. ರಿಚರ್ಡ್ ತೆಗೆದುಕೊಳ್ಳಲಿಲ್ಲ.

ಮೊದಲ ಹೆಂಡತಿ ಫ್ರೆಂಚ್ ಹೆಂಗಸು, ಹಯಸಿಂತ್ ರೋಲಾಂ. ಐದು ಮಕ್ಕಳಾದ ಮೇಲೆ 1794ರಲ್ಲಿ ಮದುವೆಯಾದ. ಮದುವೆಗೆ ಮುಂಚೆ ಹುಟ್ಟಿದ್ದರಿಂದ ಮಕ್ಕಳಿಗೆ ಬಿರುದಿನ ಹಕ್ಕಿಲ್ಲ. 1842ರಲ್ಲಿ ಅವನ ಜೊತೆಗೇ ಮಾರ್ಕ್ವೆಸ್ ಬಿರುದು ಮುಗಿಯಿತು. 1825ರಲ್ಲಿ ಎರಡನೇ ಮದುವೆ, ಬಾಲ್ಟಿಮೋರ್‌ನ ಮೇರಿಯಾನ್ ಪ್ಯಾಟರ್ಸನ್ ಜೊತೆ. ಅಮೆರಿಕದ ಕ್ಯಾಥೊಲಿಕ್ ವಿಧವೆ. ಆಕೆಯ ಮೊದಲ ಗಂಡನ ತಂಗಿ ನೆಪೋಲಿಯನ್‌ನ ತಮ್ಮ ಜೆರೋಮ್‌ನನ್ನು ಮದುವೆಯಾಗಿದ್ದಳು. ಹೀಗೆ ವಾಟರ್‌ಲೂನ ಎರಡೂ ಮನೆಗಳು ನೆಂಟಸ್ತನಕ್ಕೆ ಬಂದವು.

ಕನ್ನಡಕ್ಕೂ ರಿಚರ್ಡ್‌ಗೂ ಒಂದು ಸಣ್ಣ ನಂಟಿದೆ. ಅವನು 1800ರಲ್ಲಿ ಕಲ್ಕತ್ತೆಯಲ್ಲಿ ತೆರೆದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ.

ಮನೆಯಲ್ಲಿ ಗಲಾಟೆಗಳು ಬಹಳ ಇದ್ದವಂತೆ?

ಬಹಳ. ಹೆನ್ರಿಯೂ ಜೆರಾಲ್ಡೂ ಕ್ಯಾಡೊಗನ್ ಮನೆಯ ಅಕ್ಕತಂಗಿಯರನ್ನು ಮದುವೆಯಾದರು. ಎರಡೂ ಮುರಿದವು. ಹೆನ್ರಿಯ ಹೆಂಡತಿ ಶಾರ್ಲೆಟ್ 1809ರಲ್ಲಿ ಮಕ್ಕಳನ್ನು ಬಿಟ್ಟು ಲಾರ್ಡ್ ಪ್ಯಾಜೆಟ್ ಜೊತೆ ಹೊರಟುಹೋದಳು. ಅದೇ ಪ್ಯಾಜೆಟ್ ವಾಟರ್‌ಲೂನಲ್ಲಿ ಆರ್ಥರನ ಕುದುರೆ ಪಡೆಯ ಮುಖ್ಯಸ್ಥ, ಅಲ್ಲಿ ಕಾಲು ಕಳೆದುಕೊಂಡ. ತಮ್ಮನ ಸಂಸಾರ ಒಡೆದವನ ಪಕ್ಕದಲ್ಲೇ ಕುದುರೆ ಏರಿ ಯುದ್ಧ ನಡೆಸಬೇಕಾಯಿತು. ಜೆರಾಲ್ಡ್‌ಗೆ ಹೆಂಡತಿ ಬಿಟ್ಟುಹೋದ ಕಾರಣಕ್ಕೆ ಬಿಷಪ್ ಪದವಿ ದಕ್ಕಲಿಲ್ಲ. ವಿಲಿಯಂನ ಮಗ ಹೆಂಡತಿಯ ಅಪಾರ ಆಸ್ತಿಯನ್ನೆಲ್ಲ ಹಾಳು ಮಾಡಿದ. ವಾನ್‌ಸ್ಟೆಡ್ ಎಂಬ ಅರಮನೆಯಂಥ ಮನೆ ಸಾಲಕ್ಕೆ ನೆಲಸಮವಾಯಿತು.

ತಾನು ಐರಿಷ್ ಅಲ್ಲ ಅಂತ ಆರ್ಥರ್ ಹೇಳಿದ್ದನಾ? ಆ ಕೊಟ್ಟಿಗೆ, ಕುದುರೆ ಮಾತು?

"ಕೊಟ್ಟಿಗೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಕುದುರೆಯಾಗುವುದಿಲ್ಲ" ಅನ್ನುವ ಮಾತು ಅವನದ್ದು ಅಂತ ಎಲ್ಲೆಡೆ ಹರಡಿದೆ. ಅದು ತಪ್ಪು. ಆ ಮಾತು ಹೇಳಿದ್ದು ಐರಿಷ್ ಕ್ಯಾಥೊಲಿಕರ ನಾಯಕ ಡ್ಯಾನಿಯಲ್ ಒಕಾನೆಲ್, ಆರ್ಥರನನ್ನು ಚುಚ್ಚಲಿಕ್ಕೆ. ದಯವಿಟ್ಟು ಇನ್ನು ಮುಂದೆ ಹಾಗೆ ಹಂಚಬೇಡಿ.

ಐರ್ಲೆಂಡಿನ ಮೇಲೆ ಅವನಿಗೆ ಹೆಚ್ಚು ಮಮತೆ ಇರಲಿಲ್ಲ ನಿಜ. ಆದರೆ 1829ರಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದ ಕಾಯಿದೆ ಬಂದದ್ದು ಅವನು ಪ್ರಧಾನಿಯಾಗಿದ್ದಾಗ. ತನ್ನದೇ ಪಕ್ಷ ತಿರುಗಿಬಿತ್ತು. ವಿಂಚಿಲ್ಸಿ ಅರ್ಲ್ ಅವಮಾನದ ಮಾತಾಡಿದ. ಆ ಮಾರ್ಚ್ 21ರಂದು ಬ್ಯಾಟರ್‌ಸಿ ಬಯಲಲ್ಲಿ ಪ್ರಧಾನಿಯೇ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತ. ಯಾರಿಗೂ ಗಾಯವಾಗಲಿಲ್ಲ. ಅಂತರ್ಯುದ್ಧ ಆಗಬಾರದು ಅನ್ನುವ ಲೆಕ್ಕಾಚಾರದಿಂದ ಮಾಡಿದ, ಪ್ರೀತಿಯಿಂದಲ್ಲ. ಆದರೂ ಮಾಡಿದ.

ಮನೆತನ ಈಗಲೂ ಇದೆಯಾ?

ಇದೆ. ಆರ್ಥರ್ 1852ರ ಸೆಪ್ಟೆಂಬರ್ 14ರಂದು ತೀರಿಕೊಂಡ. ಹಿರಿಮಗನಿಗೆ ಮಕ್ಕಳಿರಲಿಲ್ಲ. ಕಿರಿಮಗ ಚಾರ್ಲ್ಸ್‌ನ ವಂಶದಲ್ಲಿ ಬಿರುದು ಮುಂದುವರಿದು, ಈಗ ಒಂಬತ್ತನೇ ಡ್ಯೂಕ್ ಇದ್ದಾರೆ. ಇನ್ನೊಂದು ಎಳೆ ನನಗೆ ಇನ್ನೂ ಜಾಸ್ತಿ ಸ್ವಾರಸ್ಯ ಅನಿಸುತ್ತದೆ. ಬಿರುದಿಗೆ ಹಕ್ಕಿಲ್ಲ ಅಂದ ರಿಚರ್ಡ್‌ನ ಮಕ್ಕಳಲ್ಲಿ ಆ್ಯನ್ ಒಬ್ಬಳು. ಅವಳ ಮರಿಮಗಳೇ ಎಲಿಜಬೆತ್ ರಾಣಿಯ ತಾಯಿ. ಅಂದರೆ ಇವತ್ತಿನ ಬ್ರಿಟನ್ನಿನ ದೊರೆ ಚಾರ್ಲ್ಸ್, ಮೈಸೂರು ಗೆದ್ದ ಗವರ್ನರ್ ಜನರಲ್‌ನ ನೇರ ವಂಶಸ್ಥ.

ಐರ್ಲೆಂಡಿನಲ್ಲಿರುವ ಕನ್ನಡಿಗರು ಏನು ನೋಡಬಹುದು?

ಡಬ್ಲಿನ್‌ನಲ್ಲಿ ಮೆರಿಯನ್ ಬೀದಿಯ ಆ ಮನೆ ಈಗ ಹೋಟೆಲಿನ ಭಾಗ. ಮೀತ್ ಕೌಂಟಿಯ ಟ್ರಿಮ್ ಊರಿನಲ್ಲಿ 1817ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಅವನ ಪ್ರತಿಮೆ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಡ್ಯಾಂಗನ್. 1809ರಲ್ಲಿ ಬೆಂಕಿ ಬಿದ್ದ ಮೇಲೆ ಚಾವಣಿ ಇಲ್ಲದ ಗೋಡೆಗಳಷ್ಟೇ ಹುಲ್ಲುಗಾವಲ ನಡುವೆ ನಿಂತಿವೆ.

ಬಿಡುವಿದ್ದರೆ ಡಬ್ಲಿನ್‌ನ ಫೀನಿಕ್ಸ್ ಪಾರ್ಕಿಗೆ ಹೋಗಿ. 62 ಮೀಟರ್ ಎತ್ತರದ ಕಲ್ಲುಕಂಬ ಇದೆ. ಕೆಲಸ ಶುರುವಾದದ್ದು 1817ರಲ್ಲಿ, ಮುಗಿದದ್ದು 1861ರಲ್ಲಿ. ಬುಡದಲ್ಲಿ ಕಂಚಿನ ಫಲಕಗಳು, ವಾಟರ್‌ಲೂನಲ್ಲಿ ಹಿಡಿದ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದವು. ಒಂದರಲ್ಲಿ ವಾಟರ್‌ಲೂ, ಇನ್ನೊಂದರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ. ಮೂರನೆಯದರ ಹೆಸರು "ಭಾರತದ ಯುದ್ಧಗಳು". ಆ ಫಲಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದರಲ್ಲಿ ನಮ್ಮ ಊರೂ ಇದೆ.